ನಕ್ಷತ್ರದ ಹೆಸರು ನಿಜವಾಗಿದ್ದರೆ ಸಾಕಾ?

ರಾತ್ರಿಗೂಬೆ:
ವೈಜ್ಞಾನಿಕ ಕಲ್ಪನೆಯ ಸೀರಿಯಲ್ ನೋಡುವಾಗ ನನಗೊಂದು ಚಟ ಇದೆ. ಯಾವುದಾದರೂ ನಕ್ಷತ್ರದ ಹೆಸರು ಕಿವಿಗೆ ಬಿದ್ದರೆ ಅಲ್ಲೇ ನಿಲ್ಲಿಸಿ, ಅದು ನಿಜಕ್ಕೂ ಇದೆಯಾ ಅಂತ ಹುಡುಕುತ್ತೇನೆ. ಎಷ್ಟೋ ಸಲ ಇರುತ್ತದೆ! ಸ್ಟಾರ್ ಟ್ರೆಕ್‌ನಲ್ಲಿ ಬೋರ್ಗ್ ಅನ್ನುವ ಶತ್ರುಗಳ ಜೊತೆ ದೊಡ್ಡ ಯುದ್ಧ ಆಗುವುದು ವುಲ್ಫ್ 359 ಹತ್ತಿರ. ಅದು ಸಿಂಹ ರಾಶಿಯ ದಿಕ್ಕಿನಲ್ಲಿ, ಸುಮಾರು 7.9 ಬೆಳಕಿನ ವರ್ಷ ದೂರದಲ್ಲಿರುವ ಕೆಂಪು ಕುಬ್ಜ, ಅಂದರೆ ಸಣ್ಣ, ಮಂದ ನಕ್ಷತ್ರ. ಬ್ಯಾಬಿಲಾನ್ 5 ಸರಣಿಯ ಬಾಹ್ಯಾಕಾಶ ನಿಲ್ದಾಣ ಇರುವುದು ಎಪ್ಸಿಲಾನ್ ಎರಿಡಾನಿ ನಕ್ಷತ್ರದ ಬಳಿ, ಅದು ಸುಮಾರು 10.5 ಬೆಳಕಿನ ವರ್ಷ ದೂರ. ನಿಮಗೆ ಎಲ್ಲೆಲ್ಲಿ ನಿಜವಾದ ಖಗೋಳ ಸಿಕ್ಕಿದೆ, ಇಲ್ಲಿ ಹಾಕಿ.

ಲೆಕ್ಕದ ಮೇಷ್ಟ್ರು:
ಹೆಸರು ಹಾಕಿದ ಮಾತ್ರಕ್ಕೆ ಖಗೋಳ ವಿಜ್ಞಾನ ಆಗಲ್ಲ. ವುಲ್ಫ್ 359 ಬದಲು ವುಲ್ಫ್ 953 ಅಂದಿದ್ದರೂ ಆ ಯುದ್ಧದಲ್ಲಿ ಒಂದು ಹಡಗೂ ಜಾಸ್ತಿ ಸುಡುತ್ತಿರಲಿಲ್ಲ. ನನ್ನ ಪರೀಕ್ಷೆ ಒಂದೇ. ಆ ಸತ್ಯವನ್ನು ಕಿತ್ತು ಹಾಕಿದರೆ ಕಥೆ ಕುಂಟಬೇಕು. ಕುಂಟದಿದ್ದರೆ ಅದು ಸುಮ್ನೆ ಬಣ್ಣ.

ತಾರಾಪ್ರಿಯೆ:
ಮೇಷ್ಟ್ರೇ, ನೀವು ಹಿಡಿದ ಉದಾಹರಣೆಯೇ ಕೈ ಕೊಡುತ್ತಿದೆ. ಆ ಕಂತು ಬಂದದ್ದು 1990ರಲ್ಲಿ. ಆಗ ಗೊತ್ತಿದ್ದ ಪ್ರಕಾರ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರಗಳಲ್ಲಿ ಆಲ್ಫಾ ಸೆಂಟಾರಿ, ಬರ್ನಾರ್ಡ್ ನಕ್ಷತ್ರ ಬಿಟ್ಟರೆ ಮೂರನೆಯದೇ ವುಲ್ಫ್ 359. ಅಂದರೆ ಶತ್ರು ಭೂಮಿಯ ಹೊಸ್ತಿಲಿಗೆ ಬಂದು ನಿಂತಿದ್ದಾನೆ ಅಂತ ಅರ್ಥ. ಸಂಭಾಷಣೆಯಲ್ಲಿ ಯಾರೂ ಬಿಡಿಸಿ ಹೇಳದಿದ್ದರೂ, ಗೊತ್ತಿದ್ದವರಿಗೆ ಆ ಹೆಸರು ಕೇಳಿದ ಕೂಡಲೇ ಎದೆ ಝಲ್ಲೆನ್ನುತ್ತದೆ.

ಲೆಕ್ಕದ ಮೇಷ್ಟ್ರು:
ಅದಕ್ಕೆ ಅರ್ಧ ಅಂಕ. ಗೊತ್ತಿದ್ದವರಿಗೆ ಮಾತ್ರ ಅಂತ ನೀವೇ ಹೇಳಿದಿರಲ್ಲ.

ತಾರಾಪ್ರಿಯೆ:
ಹಾಗಾದರೆ ವಲ್ಕನ್ ಗ್ರಹದ ಕಥೆ ಕೇಳಿ. ಸ್ಟಾರ್ ಟ್ರೆಕ್‌ನ ತರ್ಕಪ್ರಿಯ ಪಾತ್ರ ಸ್ಪಾಕ್‌ನ ಊರಾದ ಅದು ಯಾವ ನಕ್ಷತ್ರದ ಸುತ್ತ ಇದೆ ಅಂತ ಮೂಲ ಸರಣಿಯಲ್ಲಿ ಹೇಳಿರಲಿಲ್ಲ. 1991ರಲ್ಲಿ ಸ್ಕೈ ಅಂಡ್ ಟೆಲಿಸ್ಕೋಪ್ ಪತ್ರಿಕೆಯಲ್ಲಿ ಒಂದು ಪತ್ರ ಬಂತು. ಬರೆದವರು ಸರಣಿಯ ಕರ್ತೃ ಜೀನ್ ರಾಡೆನ್‌ಬೆರಿ ಮತ್ತು ಮೂವರು ಖಗೋಳ ವಿಜ್ಞಾನಿಗಳು. ಅಭಿಮಾನಿಗಳ ಬಾಯಲ್ಲಿ ಎರಡು ನಕ್ಷತ್ರಗಳಿದ್ದವು: ಎಪ್ಸಿಲಾನ್ ಎರಿಡಾನಿ ಮತ್ತು 40 ಎರಿಡಾನಿ. ಪತ್ರ ಆರಿಸಿದ್ದು ಎರಡನೆಯದನ್ನು. ಕಾರಣ ವಯಸ್ಸು. ಎಪ್ಸಿಲಾನ್ ಇನ್ನೂ ನೂರು ಕೋಟಿ ವರ್ಷವೂ ತುಂಬದ ಎಳೆಯ ನಕ್ಷತ್ರ. ಅಷ್ಟರೊಳಗೆ ಬುದ್ಧಿವಂತ ಜೀವಿಗಳು ಬೆಳೆಯುವುದು ಕಷ್ಟ. 40 ಎರಿಡಾನಿಗೆ ಸುಮಾರು ನಾನೂರು ಕೋಟಿ ವರ್ಷ ಅಂತ ಅವರ ಅಂದಾಜು. ಇದು ಬಣ್ಣ ಅಲ್ಲ ಅಲ್ವಾ? ನಿಜವಾದ ತರ್ಕ. ಸ್ಪಾಕ್‌ಗೂ ಒಪ್ಪಿಗೆಯಾಗುವಂಥದ್ದು.

ಕುತೂಹಲಿ:
ಆ ನಕ್ಷತ್ರ ಬರಿಗಣ್ಣಿಗೆ ಕಾಣುತ್ತದಾ?

ತಾರಾಪ್ರಿಯೆ:
ಕತ್ತಲಿರುವ ಜಾಗದಲ್ಲಿ ಮಂದವಾಗಿ ಕಾಣುತ್ತದೆ. ಮಹಾವ್ಯಾಧ ಪುಂಜದ ಕಾಲಿನ ರೈಜೆಲ್ ನಕ್ಷತ್ರದಿಂದ ಸ್ವಲ್ಪ ಪಶ್ಚಿಮಕ್ಕೆ. ಸಣ್ಣ ಟೆಲಿಸ್ಕೋಪ್ ಇಟ್ಟು ನೋಡಿದರೆ ಮಜಾ ಇದೆ. ಕಿತ್ತಳೆ ಬಣ್ಣದ ನಕ್ಷತ್ರ, ಅದರ ಪಕ್ಕ ಸ್ವಲ್ಪ ಬಿಟ್ಟು ಒಂದು ಸೂಜಿಮೊನೆ ಚುಕ್ಕಿ. ಆ ಚುಕ್ಕಿ ಬಿಳಿ ಕುಬ್ಜ, ಸತ್ತ ನಕ್ಷತ್ರದ ಉಳಿದ ತಿರುಳು. ಸಣ್ಣ ಟೆಲಿಸ್ಕೋಪಿಗೆ ಇಷ್ಟು ಸುಲಭವಾಗಿ ಸಿಗುವ ಬಿಳಿ ಕುಬ್ಜ ಇನ್ನೊಂದಿಲ್ಲ. ಅದಕ್ಕೆ ಜೊತೆಯಾಗಿ ಒಂದು ಕೆಂಪು ಕುಬ್ಜವೂ ಇದೆ. ವಲ್ಕನ್ ಇದ್ದಿದ್ದರೆ ಅಲ್ಲಿನ ಆಕಾಶದಲ್ಲಿ ಇವೆರಡೂ ಜಗಜಗಿಸುತ್ತಿದ್ದವು.

ಲೆಕ್ಕದ ಮೇಷ್ಟ್ರು:
ಆ ಬಿಳಿ ಕುಬ್ಜ ಒಂದು ಕಾಲದಲ್ಲಿ ಉಬ್ಬಿದ ಕೆಂಪು ದೈತ್ಯ ಆಗಿತ್ತು ಅನ್ನುವುದನ್ನೂ ಸೇರಿಸಿ. ಅದು ಹೊರಪದರ ಕಳಚಿಕೊಳ್ಳುವಾಗ ನೆರೆಯ ಗ್ರಹಕ್ಕೆ ಏನಾಗಿರಬಹುದು? ಇನ್ನೊಂದು. 2018ರಲ್ಲಿ ಅಲ್ಲಿ ಗ್ರಹ ಸಿಕ್ಕಿತು ಅಂತ ಸುದ್ದಿಯಾಯಿತು, ಎಲ್ಲರೂ ವಲ್ಕನ್ ವಲ್ಕನ್ ಅಂದರು. 2024ರ ವಿಶ್ಲೇಷಣೆ ನೋಡಿದರೆ ಆ ಸಂಕೇತ ನಕ್ಷತ್ರದ ಮೇಲ್ಮೈಯದೇ ಏರಿಳಿತ, ಗ್ರಹದ್ದಲ್ಲ.

ಹಳೇ ರಿಮೋಟ್:
ಹೆಸರಿನ ಜಗಳ ಬಿಡಿ. ದಿ ಎಕ್ಸ್‌ಪ್ಯಾನ್ಸ್ ಯಾಕೆ ಯಾರೂ ಎತ್ತಿಲ್ಲ? ಸಿರಿಸ್ ಅನ್ನುವ ಕುಬ್ಜ ಗ್ರಹದಲ್ಲಿ ಪತ್ತೇದಾರ ಮಿಲ್ಲರ್ ಲೋಟಕ್ಕೆ ಮದ್ಯ ಸುರಿಯುತ್ತಾನೆ, ಧಾರೆ ನೇರ ಬೀಳದೆ ಪಕ್ಕಕ್ಕೆ ಬಾಗುತ್ತದೆ. ತಿರುಗುವ ಜಾಗದಲ್ಲಿ ಬೀಳುವ ವಸ್ತು ಹೀಗೇ ಪಕ್ಕಕ್ಕೆ ಸರಿಯುತ್ತದೆ, ಅದೇ ಕೊರಿಯೊಲಿಸ್ ಪರಿಣಾಮ. ಯಾರೂ ವಿವರಿಸಲ್ಲ, ತೋರಿಸಿ ಮುಂದೆ ಹೋಗುತ್ತಾರೆ. ಟಿವಿಯಲ್ಲಿ ಇದಕ್ಕಿಂತ ಒಳ್ಳೆ ಭೌತವಿಜ್ಞಾನ ನಾನು ನೋಡಿಲ್ಲ.

ಲೆಕ್ಕದ ಮೇಷ್ಟ್ರು:
ಆ ದೃಶ್ಯ ನನಗೂ ಇಷ್ಟ, ಅದಕ್ಕೇ ಲೆಕ್ಕ ಹಾಕಿ ನೋಡಿದ್ದೇನೆ. ಸಿರಿಸ್‌ನ ವ್ಯಾಸ ಸುಮಾರು 940 ಕಿಲೋಮೀಟರ್. ಅದನ್ನು ಬುಗುರಿಯಂತೆ ತಿರುಗಿಸಿ, ಒಳಗಿರುವವರಿಗೆ ಭೂಮಿಯ ಮೂರನೇ ಒಂದು ಭಾಗದಷ್ಟು ತೂಕ ಬರುವ ಹಾಗೆ ಮಾಡಿದ್ದಾರೆ ಅನ್ನುವುದು ಕಥೆ. ಅದಕ್ಕೆ ಒಂದು ಸುತ್ತು ಸುಮಾರು 40 ನಿಮಿಷದಲ್ಲಿ ಮುಗಿಯಬೇಕು. ಈಗ ಅದು ತೆಗೆದುಕೊಳ್ಳುವುದು 9 ಗಂಟೆ. 40 ನಿಮಿಷ ಕೇಳಲು ಜೋರು ಅನಿಸಬಹುದು, ಆದರೆ ಕೊರಿಯೊಲಿಸ್‌ಗೆ ಅದು ತೀರಾ ನಿಧಾನ. ಒಂದು ಗೇಣು ಎತ್ತರದಿಂದ ಸುರಿದರೆ ಧಾರೆ ಒಂದು ಮಿಲಿಮೀಟರ್ ಕೂಡ ಸರಿಯಲ್ಲ. ಟಿವಿಯಲ್ಲಿ ಕಾಣುವಷ್ಟು ಬಾಗಬೇಕಾದರೆ ಜಾಗ ತುಂಬ ಚಿಕ್ಕದಾಗಿ, ತುಂಬ ಬೇಗ ತಿರುಗಬೇಕು.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸಿರಿಸ್‌ನ ಸ್ವಂತ ಗುರುತ್ವ ಭೂಮಿಯದರ ಸುಮಾರು ನೂರರಲ್ಲಿ ಮೂರು ಪಾಲು. ಹೊರಕ್ಕೆ ಎಸೆಯುವ ಬಲ ಅದರ ಹತ್ತು ಪಟ್ಟು. ಐಸು, ಮಣ್ಣು, ಉಪ್ಪು ಸೇರಿ ಆದ ಆ ಗೋಳ ಒಟ್ಟಿಗೆ ನಿಲ್ಲಲ್ಲ, ಚೂರಾಗಿ ಹಾರಿಹೋಗುತ್ತದೆ.

ಹಳೇ ರಿಮೋಟ್:
ನೋಡಿ, ಬಾಗುವ ದಿಕ್ಕು ಸರಿ ಇದೆ, ಪ್ರಮಾಣ ಮಾತ್ರ ಜಾಸ್ತಿ. ನೇರ ಸುರಿದಿದ್ದರೆ ಅಲ್ಲಿ ಗುರುತ್ವ ಹೇಗೆ ಬಂತು ಅಂತ ಯಾರಾದರೂ ಯೋಚಿಸುತ್ತಿದ್ದರಾ? ನೀವು ಲೆಕ್ಕ ಹಾಕಲು ಕೂತದ್ದೂ ಆ ಬಾಗಿದ ಧಾರೆಯಿಂದಲೇ.

ಸುಮ್ನೆ ಒಬ್ಬ:
ನಿಮ್ಮ ಜೊತೆ ಕೂತು ಸೀರಿಯಲ್ ನೋಡುವವರ ಪಾಡು ನೆನೆದು ಅಯ್ಯೋ ಅನಿಸುತ್ತಿದೆ.

ರಾತ್ರಿಗೂಬೆ:
ನಾನು ಒಬ್ಬನೇ ನೋಡುವುದು. ಕಾರಣ ಕೇಳಬೇಡಿ.

ಕುತೂಹಲಿ:
2024ರಲ್ಲಿ ಬಂದ 3 ಬಾಡಿ ಪ್ರಾಬ್ಲಮ್ ಸರಣಿ ಹೇಗೆ? ಮೂರು ಸೂರ್ಯ, ಯಾವಾಗ ಬೆಳಗಾಗುತ್ತದೋ ಯಾವಾಗ ಹೆಪ್ಪುಗಟ್ಟುತ್ತದೋ ಹೇಳಲಾಗದ ಗ್ರಹ. ಮೇಷ್ಟ್ರ ಪರೀಕ್ಷೆಯಲ್ಲಿ ಪಾಸಾಗಬೇಕು, ಇಡೀ ಕಥೆಯೇ ಅದರ ಮೇಲೆ ನಿಂತಿದೆ.

ಲೆಕ್ಕದ ಮೇಷ್ಟ್ರು:
ಗಣಿತ ಪಾಸು. ಮೂರು ಕಾಯಗಳು ಒಂದನ್ನೊಂದು ಎಳೆಯುತ್ತಿದ್ದರೆ, ಮುಂದೆ ಎಲ್ಲಿರುತ್ತವೆ ಅಂತ ಹೇಳುವ ಒಂದೇ ಸಿದ್ಧ ಸೂತ್ರ ಇಲ್ಲ. ಆದರೆ ಕಥೆ ಹೇಳುವ ಹಾಗೆ ಆ ಗ್ರಹ ನಾಲ್ಕು ಬೆಳಕಿನ ವರ್ಷ ದೂರ ಅಂದರೆ ಅದು ಆಲ್ಫಾ ಸೆಂಟಾರಿಯೇ, ಮತ್ತು ಅಲ್ಲಿನ ಮೂರು ನಕ್ಷತ್ರಗಳು ಹಾಗೆ ಗುದ್ದಾಡುವುದಿಲ್ಲ. ಎರಡು ದೊಡ್ಡವು ಒಂದರ ಸುತ್ತ ಒಂದು ಸುಮಾರು 80 ವರ್ಷಕ್ಕೊಮ್ಮೆ ತಿರುಗುತ್ತವೆ. ಮೂರನೆಯದಾದ ಪ್ರಾಕ್ಸಿಮಾ ಇರುವುದು ಭೂಮಿ ಸೂರ್ಯರ ನಡುವಿನ ದೂರದ ಸುಮಾರು 13,000 ಪಟ್ಟು ಆಚೆ. ಅದರ ಎಳೆತ ಒಳಗಿನವರಿಗೆ ತಟ್ಟುವುದೇ ಇಲ್ಲ ಅನ್ನಬಹುದು.

ತಾರಾಪ್ರಿಯೆ:
ಮೇಷ್ಟ್ರಿಗೆ ಪೂರ್ತಿ ಅಂಕ ಕೊಡಲೇಬೇಕಾದ ಒಂದು ನನ್ನ ಹತ್ತಿರ ಇದೆ. ಫಾರ್ ಆಲ್ ಮ್ಯಾನ್‌ಕೈಂಡ್, ಬಾಹ್ಯಾಕಾಶ ಇತಿಹಾಸವನ್ನೇ ಬದಲಿಸಿ ಹೇಳುವ ಸೀರಿಯಲ್. ಅದರಲ್ಲಿ ಚಂದ್ರನ ದಕ್ಷಿಣ ಧ್ರುವದ ಶ್ಯಾಕಲ್ಟನ್ ಕುಳಿಯಲ್ಲಿ ಐಸು ಸಿಗುತ್ತದೆ, ಅಲ್ಲೇ ನೆಲೆ ಕಟ್ಟುತ್ತಾರೆ. ಚಂದ್ರನ ಅಕ್ಷ ವಾಲಿರುವುದು ಬರೀ ಒಂದೂವರೆ ಡಿಗ್ರಿ. ಹಾಗಾಗಿ ಧ್ರುವದ ಕುಳಿಗಳ ತಳಕ್ಕೆ ಬಿಸಿಲು ಬೀಳುವುದೇ ಇಲ್ಲ. ಐಸು ಉಳಿಯುವುದು ಆ ಕತ್ತಲಲ್ಲಿ. ಚಂದ್ರನಲ್ಲಿ ನೀರಿನ ಗುರುತು ಇದೆ ಅಂತ ಚಂದ್ರಯಾನ-1 ತೋರಿಸಿದ್ದು ನಿಜವಾದ 2009ರಲ್ಲಿ. ಕಥೆಯವರು ಅದನ್ನು ಅಪೋಲೊ ಕಾಲಕ್ಕೆ ಎಳೆದುಕೊಂಡರು. ಆ ಒಂದೂವರೆ ಡಿಗ್ರಿ ತೆಗೆದುಬಿಡಿ, ಸೀರಿಯಲ್ ಕುಂಟುವುದಲ್ಲ, ಮಲಗುತ್ತದೆ.

ಲೆಕ್ಕದ ಮೇಷ್ಟ್ರು:
ಕೊಟ್ಟೆ. ಪೂರ್ತಿ.

ಹಳೇ ರಿಮೋಟ್:
ಉಲ್ಟಾ ಉದಾಹರಣೆಯೂ ಬೇಕಲ್ವಾ? 2006ರ ಡಾಕ್ಟರ್ ಹೂ ಕಂತಿನಲ್ಲಿ ಕಪ್ಪು ಕುಳಿಯ ಸುತ್ತ ಗ್ರಹವೊಂದು ಸುತ್ತುತ್ತದೆ. ಇದು ಅಸಾಧ್ಯ ಅಂತ ಎಲ್ಲರೂ ಬೆಚ್ಚುತ್ತಾರೆ. ಅಸಾಧ್ಯ ಏನು ಬಂತು? ನಮ್ಮ ಗ್ಯಾಲಕ್ಸಿಯ ನಡುವಿನ ಕಪ್ಪು ಕುಳಿಯನ್ನು ಎಸ್2 ಅನ್ನುವ ನಕ್ಷತ್ರ ಸುಮಾರು 16 ವರ್ಷಕ್ಕೊಂದು ಸುತ್ತು ಹಾಕುತ್ತಿದೆ. ಕಪ್ಪು ಕುಳಿ ಅಂದರೆ ಎಲ್ಲವನ್ನೂ ಹೀರುವ ಬಾಯಿ ಅನ್ನುವ ತಪ್ಪು ಕಲ್ಪನೆ ಟಿವಿಯಿಂದಲೇ ಹಬ್ಬಿರಬೇಕು.

ರಾತ್ರಿಗೂಬೆ:
ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾದ ಹೊಸ ಸರಣಿಯಲ್ಲಿ, ಭೂಮಿ ಎಲ್ಲಿದೆ ಅಂತ ಗೊತ್ತಿಲ್ಲದೆ ಹುಡುಕುವವರಿಗೆ ಸಿಗುವ ಸುಳಿವು ನೆನಪಿದೆಯಾ? ರಾಶಿಚಕ್ರದ ಹನ್ನೆರಡೂ ಪುಂಜಗಳು ಒಟ್ಟಿಗೆ ಕಾಣುವ ಆಕಾಶ, ಜೊತೆಗೆ ಲಗೂನ್ ನೀಹಾರಿಕೆ ಅನ್ನುವ ಅನಿಲದ ಮೋಡ. ಪುಂಜಗಳ ಆಕಾರ ಕಾಣುವುದು ನಮ್ಮ ಆಸುಪಾಸಿನಿಂದ ಮಾತ್ರ. ನೂರಾರು ಬೆಳಕಿನ ವರ್ಷ ಆಚೆ ಹೋದರೆ ಸಿಂಹ ಸಿಂಹವಾಗಿ ಉಳಿಯಲ್ಲ. ಹಾಗಾಗಿ ಅದು ನಿಜವಾದ ನಕ್ಷೆ.

ಲೆಕ್ಕದ ಮೇಷ್ಟ್ರು:
ಹೌದು, ಆದರೆ ಒರಟು ನಕ್ಷೆ. ಆಲ್ಫಾ ಸೆಂಟಾರಿಯಿಂದ ನೋಡಿದರೂ ಬಹುಪಾಲು ಪುಂಜಗಳು ಇಲ್ಲಿನ ಹಾಗೆಯೇ ಕಾಣುತ್ತವೆ. ಕ್ಯಾಸಿಯೋಪಿಯಾ ಪುಂಜದಲ್ಲಿ ಒಂದು ನಕ್ಷತ್ರ ಹೆಚ್ಚಿಗೆ ಇರುತ್ತದೆ, ಅದು ನಮ್ಮ ಸೂರ್ಯ. ಲಗೂನ್ ಇರುವುದು ಸಾವಿರಾರು ಬೆಳಕಿನ ವರ್ಷ ದೂರದಲ್ಲಿ, ಅದು ದಿಕ್ಕು ಹೇಳುತ್ತದೆ ಅಷ್ಟೇ. ಮನೆ ನಂಬರ್ ಹೇಳಲ್ಲ.

ಕುತೂಹಲಿ:
ಅದೇ ಕಂತಿನಲ್ಲಿ ಅವರು ಆ ನೀಹಾರಿಕೆಯನ್ನು ಎಂ8 ಅನ್ನುತ್ತಾರೆ. ಎಂ ಅಂದರೆ ಮೆಸಿಯೇ, 8 ಅವನ ಪಟ್ಟಿಯಲ್ಲಿನ ಸಂಖ್ಯೆ. 18ನೇ ಶತಮಾನದ ಪ್ಯಾರಿಸ್‌ನಲ್ಲಿ ಧೂಮಕೇತು ಹುಡುಕುತ್ತಿದ್ದ ಮನುಷ್ಯ. ಭೂಮಿ ಎಲ್ಲಿದೆ ಅಂತಲೇ ಗೊತ್ತಿಲ್ಲದವರಿಗೆ ಅವನ ಪಟ್ಟಿ ಎಲ್ಲಿಂದ ಸಿಕ್ಕಿತು?

ಸುಮ್ನೆ ಒಬ್ಬ:
ಮೇಷ್ಟ್ರೇ, ಇದಕ್ಕೆ ಎಷ್ಟು ಅಂಕ?

ಲೆಕ್ಕದ ಮೇಷ್ಟ್ರು:
ನೀಹಾರಿಕೆಗೆ ಅಂಕ ಇದೆ. ಎಂ8ಕ್ಕೆ ನಕಲು ಹೊಡೆದ ಕೇಸು.