ವಿಕಿಪೀಡಿಯದಲ್ಲಿ ಕನ್ನಡ ಲಿಪಿಯ ಯೂಸರ್‌ನೇಮ್ ತಗೊಳ್ತಿಲ್ಲ, ಯಾಕೆ?

ಹೊಂಗೆಮರ: ನಮ್ಮ ಕಾಲೇಜಿನ ಕನ್ನಡ ಸಂಘದ ಹತ್ತು ಜನ ಕನ್ನಡ ವಿಕಿಪೀಡಿಯಕ್ಕೆ ಬರೆಯಲು ಹೊರಟಿದ್ದೇವೆ. ಸಂಘದ ಹೆಸರಲ್ಲಿ ಒಂದೇ ಖಾತೆ ತೆರೆದು ಎಲ್ಲರೂ ಬಳಸಬಹುದಾ? ಇನ್ನೊಂದು, ‘ಉದಯ್‌ಕುಮಾರ್’ ಅಂತ ಟೈಪ್ ಮಾಡಿದರೆ ಹೆಸರು ಸರಿಯಿಲ್ಲ ಅನ್ನುತ್ತಿದೆ. ಇಂಗ್ಲಿಷ್ ಲಿಪಿಯಲ್ಲೇ ಬರೆಯಬೇಕಾ?

ತುಂಗಾತೀರ: ಬೇಕಿಲ್ಲ, ಕನ್ನಡ ಲಿಪಿ ಧಾರಾಳವಾಗಿ ನಡೆಯುತ್ತದೆ. ತೊಂದರೆ ಇರುವುದು ‘ಯ್’ ಮತ್ತು ‘ಕು’ ನಡುವೆ. ‘ಕ’ ಒತ್ತಕ್ಷರವಾಗಿ ಕೆಳಗೆ ಇಳಿಯದಿರಲಿ ಅಂತ ಕೀಬೋರ್ಡ್ ಅಲ್ಲೊಂದು ಕಣ್ಣಿಗೆ ಕಾಣದ ಚಿಹ್ನೆ ಸೇರಿಸುತ್ತದೆ: ಝಡ್‌ಡಬ್ಲ್ಯೂಎನ್‌ಜೆ, ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶ 2000ದಿಂದ 200ಎಫ್‌ವರೆಗಿನ ಇಂಥ ಯಾವ ಚಿಹ್ನೆಯನ್ನೂ ಹೆಸರಿನಲ್ಲಿ ಬಿಟ್ಟುಕೊಳ್ಳುವುದಿಲ್ಲ. ಬಿಟ್ಟುಕೊಂಡರೆ ನೋಡಲು ಒಂದೇ ಥರ ಇರುವ ಎರಡು ಖಾತೆ ಹುಟ್ಟಬಹುದು. ಆದರೆ ಏಟು ಬೀಳುವುದು ಕನ್ನಡದ ಅರ್ಧಾಕ್ಷರಕ್ಕೆ, ಅದು ಬೇಸರದ ಸಂಗತಿಯೇ.

‘ಉದಯ್ ಕುಮಾರ್’ ಎಂದು ಸ್ಪೇಸ್ ಕೊಡಿ, ಇಲ್ಲವೇ ‘ಉದಯಕುಮಾರ’ ಎಂದು ಬರೆಯಿರಿ. ಆಗಲೂ ಬೇಡ ಅಂದರೆ ಕೊನೆಯ ‘ರ್’ ನೋಡಿ. ಕೆಲವು ಕೀಬೋರ್ಡ್‌ಗಳು ಅಲ್ಲೂ ಅದನ್ನು ಅಂಟಿಸುತ್ತವೆ. ಹೆಸರಿನ ತುದಿಯಲ್ಲಿ ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿ. ತೆರೆಯ ಮೇಲೆ ಏನೂ ಬದಲಾಗದಿದ್ದರೆ ಹೋಗಿದ್ದು ಆ ಚಿಹ್ನೆಯೇ.

ಅಕ್ಷರಪ್ರೇಮಿ: ಸಂಘದ ಖಾತೆ ದಯವಿಟ್ಟು ಬೇಡ. ಒಂದು ಖಾತೆ ಒಬ್ಬರದ್ದೇ ಆಗಿರಬೇಕು. 2015ರಿಂದ ಎಲ್ಲ ಭಾಷೆಯ ವಿಕಿಗಳಿಗೂ ಒಂದೇ ಲಾಗಿನ್. ಬರೀ ಸಂಸ್ಥೆಯ ಹೆಸರಿನ ಖಾತೆಯಿಂದ ಇಂಗ್ಲಿಷ್ ವಿಕಿಯಲ್ಲಿ ತಿದ್ದಲು ಹೋದರೆ ಪ್ರಚಾರದ ಖಾತೆ ಅಂತ ನಿರ್ಬಂಧ ಬೀಳಬಹುದು. ‘ಕನ್ನಡ ಸಂಘದ ಉದಯ್’ ಅಂದರೆ ಪರವಾಗಿಲ್ಲ, ಅಲ್ಲಿ ಒಬ್ಬ ವ್ಯಕ್ತಿ ಕಾಣುತ್ತಾನೆ. ಹೆಸರಿಗೆ ‘ಅಡ್ಮಿನ್’, ‘ಬಾಟ್’ ಸೇರಿಸಬೇಡಿ. ಅರ್ಧ ಕನ್ನಡ ಲಿಪಿ ಅರ್ಧ ಇಂಗ್ಲಿಷ್ ಲಿಪಿ ಮಾಡಿದರೂ ತಂತ್ರಾಂಶ ತಡೆಯುತ್ತದೆ. ಇಮೇಲ್ ವಿಳಾಸವನ್ನೇ ಹೆಸರಾಗಿ ಹಾಕಲು ಬರುವುದಿಲ್ಲ, ‘@’ ನಿಷಿದ್ಧ.

ಹೊಂಗೆಮರ: ಸಂಘದ ಹೆಸರಲ್ಲಿ ನಿನ್ನೆಯೇ ಒಂದು ತೆರೆದುಬಿಟ್ಟಿದ್ದೇವಲ್ಲ ಸರ್, ಡಿಲೀಟ್ ಮಾಡಬಹುದಾ?

ಅಕ್ಷರಪ್ರೇಮಿ: ಆಗುವುದಿಲ್ಲ. ಯಾವ ಸಾಲು ಯಾರು ಬರೆದದ್ದು ಎಂಬ ದಾಖಲೆ ಉಳಿಯಬೇಕು. ಆ ಖಾತೆಯನ್ನು ನಿಮ್ಮಲ್ಲಿ ಒಬ್ಬರು ಇಟ್ಟುಕೊಂಡು ಪಾಸ್‌ವರ್ಡ್ ಬದಲಿಸಿ, ‘ಗ್ಲೋಬಲ್ ರೀನೇಮ್ ರಿಕ್ವೆಸ್ಟ್’ ಎಂಬ ವಿಶೇಷ ಪುಟದಲ್ಲಿ ಹೊಸ ಹೆಸರು ಕೇಳಲಿ. ಆ ಖಾತೆಯಿಂದ ಮಾಡಿದ ಹಳೆಯ ತಿದ್ದುಪಡಿಗಳೆಲ್ಲ ಹೊಸ ಹೆಸರಿಗೆ ಬರುತ್ತವೆ. ಚರ್ಚಾಪುಟದಲ್ಲಿ ಈಗಾಗಲೇ ಹಾಕಿದ ಸಹಿ ಮಾತ್ರ ಹಾಗೇ ಉಳಿಯುತ್ತದೆ.

ತುಂಗಾತೀರ: ಉಳಿದ ಒಂಬತ್ತು ಜನ ಕಾಲೇಜಿನ ವೈಫೈನಲ್ಲಿ ಒಟ್ಟಿಗೆ ಕೂತು ಖಾತೆ ತೆರೆಯಬೇಡಿ. ಒಂದೇ ಐಪಿ ವಿಳಾಸದಿಂದ, ಅಂದರೆ ಒಂದೇ ಇಂಟರ್‌ನೆಟ್ ಸಂಪರ್ಕದಿಂದ, ದಿನಕ್ಕೆ 6 ಖಾತೆ ಅಷ್ಟೇ. ಒಟ್ಟಿಗೆ ಬರೆಯಲು ಕೂರುವ ಹಿಂದಿನ ದಿನವೇ ಮೊಬೈಲ್ ಡೇಟಾದಲ್ಲಿ ತೆರೆದುಕೊಂಡು ಬರಲಿ, ಇಮೇಲ್ ಕೂಡ ಸೇರಿಸಲಿ. ಅದಿಲ್ಲದೆ ಪಾಸ್‌ವರ್ಡ್ ಮರೆತರೆ ಮರಳಿ ಪಡೆಯುವುದು ಬಹಳ ಕಷ್ಟ.