ಎಂ.ಜಿ.ಬಿ. ಎಂಜಿನ್: ಆಯಿಲ್ ಸೀಲ್ ಬದಲಿಸಬೇಕೆ, ಬ್ರೀದರ್ ಸರಿಪಡಿಸಬೇಕೆ?

ಪ್ರಶ್ನೆ (ಲೆಸ್ಟರ್, ಇಂಗ್ಲೆಂಡ್):

ನಮಸ್ಕಾರ ಸರ್. ನನ್ನ ಬಳಿ 1966ರ ಎಂ.ಜಿ.ಬಿ. ರೋಡ್‌ಸ್ಟರ್ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇದೆ. 1798 ಸಿ.ಸಿ.ಯ ಐದು ಬೇರಿಂಗಿನ ಎಂಜಿನ್, ಎಸ್.ಯು. ಎಚ್.ಎಸ್.4 ಜೋಡಿ ಕಾರ್ಬ್ಯುರೇಟರ್. ಹಿಂದಿನ ಮಾಲೀಕರು ಇನ್‌ಲೆಟ್ ಮ್ಯಾನಿಫೋಲ್ಡಿನ (ಗಾಳಿ-ಪೆಟ್ರೋಲು ಮಿಶ್ರಣ ಸಿಲಿಂಡರುಗಳಿಗೆ ಹೋಗುವ ಕೊಳವೆಯ) ಮೇಲಿದ್ದ, ಎಂಜಿನ್ನಿನೊಳಗಿನ ಅನಿಲವನ್ನು ಅದಕ್ಕೆ ಬಿಡುವ ಸ್ಮಿತ್ಸ್ ವಾಲ್ವನ್ನು ಕಿತ್ತು, ಆ ರಂಧ್ರವನ್ನು ಬೋಲ್ಟಿನಿಂದ ಮುಚ್ಚಿ, ಟ್ಯಾಪೆಟ್ ಕವರಿನ (ಎಂಜಿನ್ನಿನ ಪಕ್ಕದ ತಗಡಿನ ಮುಚ್ಚಳದ) ಬ್ರೀದರ್ ಪೈಪಿನ, ಎಂದರೆ ಒಳಗಿನ ಅನಿಲ ಹೊರಬರುವ ಪೈಪಿನ, ತುದಿಗೆ ಪುಟ್ಟದೊಂದು ಫಿಲ್ಟರ್ ಸಿಕ್ಕಿಸಿದ್ದಾರೆ. ಮೋಟರ್‌ವೇಯಲ್ಲಿ ಓಡಿಸಿ ಬಂದು ನಿಲ್ಲಿಸಿದರೆ ಬೆಲ್‌ಹೌಸಿಂಗಿನ (ಎಂಜಿನ್ನಿನ ಹಿಂದಿರುವ ಕ್ಲಚ್ಚಿನ ಕವಚದ) ಕೆಳಗಿನ ರಂಧ್ರದಲ್ಲಿರುವ ಪಿನ್ನಿನಿಂದ ಎಣ್ಣೆ ತೊಟ್ಟಿಕ್ಕುತ್ತದೆ. ಎಂಜಿನ್ ಇಳಿಸಿ ಅದರ ಹಿಂಬದಿಯ ಆಯಿಲ್ ಸೀಲ್ ಬದಲಿಸಲೇಬೇಕೆಂದು ಇಲ್ಲಿನ ಗ್ಯಾರೇಜಿನವರು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?

ಉತ್ತರ:

ನಮಸ್ಕಾರ. ಸೀಲ್ ಹಳೆಯದಾಗಿರಬಹುದು, ಆದರೆ ಅದನ್ನು ದೂರುವ ಮೊದಲು ಕ್ರ್ಯಾಂಕ್‌ಕೇಸಿನೊಳಗೆ (ಸಿಲಿಂಡರುಗಳ ಕೆಳಗಿನ ಭಾಗದಲ್ಲಿ) ಎಷ್ಟು ಒತ್ತಡವಿದೆ ಎಂದು ಅಳೆಯಿರಿ. ಒಳಗೆ ಒತ್ತಡ ಹೆಚ್ಚಿದ್ದರೆ ಹೊಸ ಸೀಲ್ ಕೂಡ ಕೆಲವೇ ತಿಂಗಳುಗಳಲ್ಲಿ ಒಸರತೊಡಗುತ್ತದೆ.

ಪಿಸ್ಟನ್ ರಿಂಗುಗಳು ಎಷ್ಟೇ ಚೆನ್ನಾಗಿದ್ದರೂ ಉರಿದ ಅನಿಲದ ಸ್ವಲ್ಪ ಭಾಗ ಪಿಸ್ಟನ್ನಿನ ಪಕ್ಕದಿಂದ ನುಸುಳಿ ಕೆಳಗಿಳಿಯುತ್ತದೆ. ಅದರೊಂದಿಗೆ ಸುಡದ ಪೆಟ್ರೋಲು, ನೀರಾವಿ, ಆಮ್ಲಗಳೂ ಸೇರಿರುವುದರಿಂದ ಹೊರಹೋಗಲು ದಾರಿಯಿಲ್ಲದಿದ್ದರೆ ಎಣ್ಣೆ ಬೇಗ ಕೆಡುತ್ತದೆ; ಚಳಿಗಾಲದಲ್ಲಿ ಹತ್ತಿರದ ಓಡಾಟವನ್ನೇ ಮಾಡುವ ಕಾರುಗಳ ಆಯಿಲ್ ಕ್ಯಾಪಿನ ಒಳಗೆ ಕಾಣುವ ಹಳದಿ ಲೋಳೆ ಇದರದ್ದೇ ಫಲ. ಮೊದಮೊದಲ ಎಂ.ಜಿ.ಬಿ.ಗಳಲ್ಲಿ ಈ ಅನಿಲವನ್ನು ಕೆಳಮುಖದ ಪೈಪಿನಿಂದ ರಸ್ತೆಯತ್ತ ಬಿಡುತ್ತಿದ್ದರು. ಕಾರು ಓಡುವಾಗಿನ ಗಾಳಿಯೇ ಅದನ್ನು ಎಳೆಯಬೇಕಾಗಿದ್ದರಿಂದ ನಿಂತ ಕಾರಿನಲ್ಲಿ ಅದು ನಿಷ್ಪ್ರಯೋಜಕವಾಗಿತ್ತು. 1964ರಿಂದ ಮುಚ್ಚಿದ ವ್ಯವಸ್ಥೆ ಬಂತು: ಆಯಿಲ್ ಕ್ಯಾಪಿನ ಫಿಲ್ಟರ್ ಮೂಲಕ ಅಳತೆಯ ಗಾಳಿ ಒಳಬಂದು, ಎಂಜಿನ್ನಿನ ಒಳಗೆ ಹಾದು, ಮುಂದಿನ ಟ್ಯಾಪೆಟ್ ಕವರಿನ ಡಬ್ಬಿಯಲ್ಲಿ ಎಣ್ಣೆಯ ಹನಿಗಳನ್ನು ಬಿಟ್ಟು, ಸ್ಮಿತ್ಸ್ ವಾಲ್ವಿನ ಮೂಲಕ ಮ್ಯಾನಿಫೋಲ್ಡಿಗೆ ಸೇರಿ ಸುಟ್ಟುಹೋಗುತ್ತದೆ. ನಿಮ್ಮ ಕಾರಿನಲ್ಲಿ ಈಗ ಒಳಬರುವ ದಾರಿಯಿದೆ, ಎಳೆಯುವವರಿಲ್ಲ. ಪೈಪಿನ ತುದಿಯ ಆ ಫಿಲ್ಟರ್ ನೋಡಲು ಅಂದವಾಗಿದೆಯೇ ಹೊರತು ಏನನ್ನೂ ಎಳೆಯುವುದಿಲ್ಲ. ಎಣ್ಣೆಯಲ್ಲಿ ನೆನೆದು ಕಟ್ಟಿಕೊಂಡರಂತೂ ಬಿರಡೆಯೇ ಸರಿ.

ಅಳೆಯಲು ದುಬಾರಿ ಉಪಕರಣ ಬೇಡ. ಎರಡು ಮೀಟರ್ ಪಾರದರ್ಶಕ ಪೈಪನ್ನು ಹಲಗೆಯ ಮೇಲೆ ಇಂಗ್ಲಿಷಿನ ‘ಯು’ ಅಕ್ಷರದಂತೆ ಬಾಗಿಸಿ ಕಟ್ಟಿ, ಅರ್ಧದಷ್ಟು ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ರಂಧ್ರಕ್ಕೆ ಗಾಳಿ ನುಸುಳದಂತೆ ಕೂರಿಸಿ, ಇನ್ನೊಂದನ್ನು ತೆರೆದಿಡಿ. ನೀರು ಎಂಜಿನ್ನಿನೊಳಗೆ ಹೋಗದಂತೆ ಹಲಗೆ ಎಂಜಿನ್ನಿಗಿಂತ ಕೆಳಗಿರಲಿ. ಬಿಸಿಯಾದ ಎಂಜಿನ್ನನ್ನು ಐಡ್ಲಿಂಗಿನಲ್ಲೂ 3000 ಆರ್.ಪಿ.ಎಂ.ನಲ್ಲೂ ನಡೆಸಿ ನೋಡಿ. ಎಂಜಿನ್ ಕಡೆಯ ನೀರು ಸ್ವಲ್ಪ ಮೇಲೇರಿದರೆ ಒಳಗೆ ಎಳೆತವಿದೆ ಎಂದರ್ಥ. ತೆರೆದ ಕಡೆಯದು ಏರಿದರೆ ಒಳಗಿನ ಒತ್ತಡವೇ ಎಣ್ಣೆಯನ್ನು ಸೀಲಿನಾಚೆ ನೂಕುತ್ತಿದೆ.

ಪ್ರಶ್ನೆ (ಅವರೇ):

ಅಳೆದೆ ಸರ್. ತೆರೆದ ಕಡೆಯ ನೀರೇ ಏರಿತು. 3000ದಲ್ಲಿ ಎರಡೂ ಕಡೆಯ ಮಟ್ಟಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರವಿತ್ತು. ವಾಲ್ವನ್ನು ಮತ್ತೆ ಹಾಕಲೇ, ಇಲ್ಲವೇ ಬ್ರೀದರ್ ಪೈಪಿಗೆ ಕ್ಯಾಚ್ ಟ್ಯಾಂಕ್ (ಎಣ್ಣೆ ಹಿಡಿಯುವ ಡಬ್ಬಿ) ಹಾಕಿದರೆ ಸಾಕೇ?

ಉತ್ತರ:

ವಾಲ್ವನ್ನೇ ಹಾಕಿ. ಕ್ಯಾಚ್ ಟ್ಯಾಂಕ್ ರೇಸಿಗೆ ಸಂಬಂಧಿಸಿದ್ದು. ಬ್ರೀದರ್ ಹೊರಗೆ ತೆರೆದಿದ್ದರೆ 2000 ಸಿ.ಸಿ.ವರೆಗಿನ ಎಂಜಿನ್ನಿಗೆ ಕನಿಷ್ಠ 2 ಲೀಟರಿನ ಟ್ಯಾಂಕ್ ಇರಬೇಕೆಂಬ ಎಫ್.ಐ.ಎ. (ಮೋಟರ್ ರೇಸುಗಳ ಅಂತರರಾಷ್ಟ್ರೀಯ ಒಕ್ಕೂಟ) ನಿಯಮ ಟ್ರ್ಯಾಕಿನ ಮೇಲೆ ಎಣ್ಣೆ ಬೀಳದಿರಲೆಂದು ಇರುವುದು. ಟ್ಯಾಂಕ್ ಎಣ್ಣೆಯನ್ನು ಹಿಡಿದಿಡುತ್ತದೆ, ಅನಿಲವನ್ನು ಎಳೆಯುವುದಿಲ್ಲ.

ವಾಲ್ವ್ ಕೂರಿಸುವ ಮೊದಲು ಮುಂದಿನ ಟ್ಯಾಪೆಟ್ ಕವರನ್ನು ಬಿಚ್ಚಿ, ಡಬ್ಬಿಯೊಳಗಿನ ತಂತಿಜಾಲರಿಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆಯಿರಿ. ದಶಕಗಳ ಕರಿ ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ಮತ್ತೆ ಕೂರಿಸುವಾಗ ನಡುವಿನ ಬೋಲ್ಟನ್ನು ಬಲವಾಗಿ ಬಿಗಿಯಬೇಡಿ. ತೆಳು ತಗಡಿನ ಆ ಕವರ್ ಬಾಗಿದರೆ ಕಾರ್ಕ್ ಗ್ಯಾಸ್ಕೆಟ್ ಎಂದಿಗೂ ಹಿಡಿಯುವುದಿಲ್ಲ. ವಾಲ್ವಿನ ಮೇಲಿನ ಕ್ಲಿಪ್ ತೆಗೆದು ರಬ್ಬರ್ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿ. ಅದು ಹರಿದಿದ್ದರೆ ಲೆಕ್ಕವಿಲ್ಲದ ಗಾಳಿ ಮ್ಯಾನಿಫೋಲ್ಡ್ ಸೇರಿ ಐಡ್ಲಿಂಗ್ ಕೆಡುತ್ತದೆ. ಆಯಿಲ್ ಕ್ಯಾಪ್ ಕೂಡ ಫಿಲ್ಟರ್ ಇರುವುದೇ ಆಗಿರಬೇಕು, ಹೊಸದೇ ಆಗಿರಲಿ.

ಜೋಡಿಸಿದ ಮೇಲೆ ಕಾರ್ಬ್ಯುರೇಟರುಗಳನ್ನು ಮತ್ತೆ ಟ್ಯೂನ್ ಮಾಡಲೇಬೇಕು, ಏಕೆಂದರೆ ವಾಲ್ವಿನಿಂದ ಬರುವ ಗಾಳಿ ಈಗಿನ ಮಿಶ್ರಣದ ಲೆಕ್ಕದಲ್ಲಿಲ್ಲ. ಆಮೇಲೆ ಬಿಸಿ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಕ್ಯಾಪನ್ನು ತೆಗೆದರೆ ವೇಗ ಸುಮಾರು 200 ಆರ್.ಪಿ.ಎಂ. ಏರಬೇಕು, ಏರದಿದ್ದರೆ ವಾಲ್ವ್ ಕೆಲಸ ಮಾಡುತ್ತಿಲ್ಲ. ಇಷ್ಟಾದರೂ ನೀರಿನ ಪೈಪು ಒತ್ತಡವನ್ನೇ ತೋರಿಸಿದರೆ ದೋಷ ರಿಂಗುಗಳಲ್ಲಿ ಅಥವಾ ಬೋರಿನಲ್ಲಿ (ಸಿಲಿಂಡರಿನ ಒಳಗೋಡೆಯಲ್ಲಿ) ಇದೆ. ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವ ಲೀಕ್‌ಡೌನ್ ಪರೀಕ್ಷೆ ಮಾಡಿಸಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಕ್ಯಾಲಿಫೋರ್ನಿಯಾ):

ನನ್ನದು 1972ರ ಅಮೆರಿಕನ್ ಮಾದರಿ, ಇದರಲ್ಲಿ ಸ್ಮಿತ್ಸ್ ವಾಲ್ವ್ ಇಲ್ಲವೇ ಇಲ್ಲ. ತಮ್ಮ ಉತ್ತರ ಓದಿ ಫಿಲ್ಟರ್ ಇರುವ ಕ್ಯಾಪ್ ತಂದು ಹಾಕಿದೆ. ಅಂದಿನಿಂದ ಐಡ್ಲಿಂಗಿನಲ್ಲಿ ಎಂಜಿನ್ ತಡವರಿಸುತ್ತಿದೆ. ಏಕೆ?

ಉತ್ತರ:

ಆ ಕ್ಯಾಪನ್ನು ಇಂದೇ ತೆಗೆದು ಹಳೆಯದನ್ನು ಹಾಕಿ. 1968ರ ಕೊನೆಯ ಹೊತ್ತಿಗೆ ವಾಲ್ವನ್ನು ಕೈಬಿಟ್ಟು, ಬ್ರೀದರ್ ಪೈಪನ್ನು ನೇರವಾಗಿ ಕಾರ್ಬ್ಯುರೇಟರುಗಳ ಮೈಯಲ್ಲಿರುವ ನಳಿಕೆಗಳಿಗೆ ಜೋಡಿಸಿದರು. ಅಲ್ಲಿನ ಎಳೆತ ಸೌಮ್ಯವಾಗಿಯೂ ಹೆಚ್ಚುಕಡಿಮೆ ಸ್ಥಿರವಾಗಿಯೂ ಇರುವುದರಿಂದ ವಾಲ್ವಿನ ಅಗತ್ಯವೇ ಇಲ್ಲ. ನಿಮ್ಮ ಮಾದರಿಯಲ್ಲಿ ಒಳಬರುವ ಗಾಳಿಯೂ ಕ್ಯಾಪಿನಿಂದಲ್ಲ, ಪೆಟ್ರೋಲಿನ ಆವಿ ಹಿಡಿಯುವ ಇದ್ದಿಲಿನ ಡಬ್ಬಿಯಿಂದ ರಾಕರ್ ಕವರಿನ (ಎಂಜಿನ್ನಿನ ಮೇಲಿನ ಮುಚ್ಚಳದ) ನಳಿಕೆಗೆ ಬರುತ್ತದೆ. ಆ ನಳಿಕೆಯ ಒಳಗೆ ಸುಮಾರು 2 ಮಿ.ಮೀ. ವ್ಯಾಸದ ಕಿರಿದಾದ ರಂಧ್ರವಿದೆ. ಅದರ ಜೊತೆಗೆ ಗಾಳಿ ಬಿಡುವ ಕ್ಯಾಪನ್ನೂ ಹಾಕಿದರೆ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ, ನೀವು ಕೇಳುತ್ತಿರುವ ತಡವರಿಕೆ ಅದೇ. ರಾಕರ್ ಕವರನ್ನು ಯಾರಾದರೂ ಬದಲಿಸಿದ್ದರೆ ಆ ಕಿರಿದಾದ ರಂಧ್ರ ಇದೆಯೇ ಎಂದು ಪೈಪ್ ಬಿಚ್ಚಿ ನೋಡಿ. ಅಗಲವಾಗಿ ಕೊರೆದಿದ್ದರೆ ಅದೇ ಅಳತೆಯ ತೂತಿರುವ ಹಿತ್ತಾಳೆಯ ತುಂಡೊಂದನ್ನು ಒಳಗೆ ಬಿಗಿಯಾಗಿ ಕೂರಿಸಿ.