ಸಿಗಡಿ ಸಿಪ್ಪೆ ಸುಮ್ನೆ ಬಿಸಾಡಬೇಕಾ?

ಪ್ರಶ್ನೆ: ಸಿಗಡಿ ಸುಲಿದ ಮೇಲೆ ತಲೆ, ಸಿಪ್ಪೆ ರಾಶಿ ಬೀಳುತ್ತದೆ. ಅದರಲ್ಲಿ ಆರೋಗ್ಯಕ್ಕೆ ಒಳ್ಳೆಯದು ಜಾಸ್ತಿ ಇದೆಯಂತೆ, ನಿಜಾನಾ? ತೆಗೆಯುವುದು ಹೇಗೆ?

ಉತ್ತರ 1: ನಿಜ. ಸಿಪ್ಪೆ ಅಂದರೆ ಕೈಟಿನ್ (ಸಿಪ್ಪೆಯ ನಾರಿನಂಥ ವಸ್ತು), ಪ್ರೋಟೀನ್, ಸುಣ್ಣ. ತೆಳು ಆಸಿಡ್‌ಗೆ ಹಾಕಿದರೆ ಬುಸ್ಸಂತ ನೊರೆ ಬಂದು ಸುಣ್ಣ ಕರಗುತ್ತದೆ, ಆಮೇಲೆ ಕಾಸ್ಟಿಕ್ ಸೋಡಾ ಪ್ರೋಟೀನನ್ನು ಬಿಡಿಸುತ್ತದೆ, ಉಳಿದ ಕೈಟಿನನ್ನು ಇನ್ನೂ ಪ್ರಬಲವಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕಾಯಿಸಿದರೆ ಕೈಟೋಸಾನ್ ಅನ್ನೋ ವಸ್ತು ಸಿಗುತ್ತದೆ. ರಕ್ತ ನಿಲ್ಲಿಸುವ ಕೆಲವು ಪಟ್ಟಿಗಳಲ್ಲಿ ಇದೇ ಇರುತ್ತದೆ.

ಉತ್ತರ 2: ಸ್ವಲ್ಪ ತಡೀರಿ! ಆ ಕೆಂಪು ಬಣ್ಣ ಇದೆಯಲ್ವಾ, ಅಸ್ಟಾಕ್ಸಾಂಥಿನ್, ಅದನ್ನು ಮೊದಲೇ ಎಣ್ಣೆಗೆ ಇಳಿಸಿಕೊಳ್ಳಿ. ಬಿಸಿ ಸೋಡಾ ತಾಗಿದರೆ ಕೆಡುತ್ತದೆ.

ಉತ್ತರ 3: ಸಿಗಡಿ ಮಾತ್ರ ಅಲ್ಲ, ಮೀನಿನ ತ್ಯಾಜ್ಯದಲ್ಲೂ ಇದೆ: ಚರ್ಮದಲ್ಲಿ ಕೊಲಾಜೆನ್ (ಚರ್ಮಕ್ಕೆ ಬಲ ಕೊಡುವ ಪ್ರೋಟೀನ್), ಕೊಬ್ಬಿನ ಮೀನಿನ ತಲೆಯಲ್ಲಿ ಒಮೆಗಾ-3 ಎಣ್ಣೆ. ಆದರೆ ತಕ್ಷಣ ಐಸ್‌ಗೆ ಹಾಕದಿದ್ದರೆ ಕೊಳೆತು ಗೊಬ್ಬರದ ಗುಂಡಿಯೇ ಗತಿ.